ಫಟ್‌ಫಟಿಯ ಚೀಲ, ಆರು ತತ್ತಿ

ಅವರ ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇನ್ನೊಂದು ಬೆರಳು ಹಿಡಿಸುವಷ್ಟು ಸಂದು ಇತ್ತು. ಐವತ್ತು ವರ್ಷ ಆ ಸಂದಿನಲ್ಲಿ ಮೇಣದ ದಾರ ಸಿಕ್ಕಿಸಿಕೊಂಡು ಜಗ್ಗಿ ಜಗ್ಗಿ ಆದದ್ದು ಅದು. ದಾರ ಇಲ್ಲದಾಗಲೂ ಆ ಬೆರಳುಗಳು ಹಾಗೇ ಅಗಲಿಕೊಂಡಿರುತ್ತಿದ್ದವು. ಬ್ರೂಸ್‌ಪೇಟೆಯ ಓಣಿಯಲ್ಲಿ ಬರಿಗಾಲಲ್ಲಿ ಹೋದರೆ ಮಣ್ಣಿನ ಮೇಲಿನ ಹೆಜ್ಜೆ ನೋಡಿಯೇ ಜೀನಿನ ಸಾಬರು ಈ ಕಡೆ ಹೋದರು ಎಂದು ಹೇಳಬಹುದಿತ್ತು.

ಅವರು ಮೊದಲು ದಂಡಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವರು. ದಂಡಿನಲ್ಲಿ ಕುದುರೆ ಕಡಿಮೆಯಾದ ಮೇಲೆ ಟಾಂಗಾಗಳ ಲಗಾಮು, ಪಟ್ಟಿ, ಚರ್ಮದ ಚೀಲ ಇವೇ ಅವರ ಕೆಲಸ. ನಾನು ಆಗ ಮದ್ರಾಸಿನಲ್ಲಿ ಡಾಕ್ಟರಿಕೆ ಓದಿ ಬಂದು ಬಳ್ಳಾರಿಯಲ್ಲಿ ಸಣ್ಣ ದವಾಖಾನೆ ಇಟ್ಟಿದ್ದೆ. ಸ್ವಾತಂತ್ರ್ಯ ಬಂದ ಮರುವರ್ಷ, ಸಿರುಗುಪ್ಪದ ಕಡೆಯ ಹಳ್ಳಿಗಳಿಗೆ ಓಡಾಡುವುದಕ್ಕೆಂದು ಹೊಸ ಮೋಟರ್ ಸೈಕಲ್ಲು ತರಿಸಿದೆ. ಊರವರು ಅದನ್ನು ಫಟ್‌ಫಟಿ ಎನ್ನುತ್ತಿದ್ದರು. ಗಾಡಿಯ ಜೊತೆ ಬಣ್ಣದ ಪುಸ್ತಕವೊಂದು ಬಂದಿತ್ತು. ದೂರ ಪ್ರಯಾಣಕ್ಕೆ ಬೇಕಾದ ಸಾಮಾನುಗಳ ಚಿತ್ರಗಳು ಅದರ ತುಂಬ ಇದ್ದವು. ಎರಡೂ ಬದಿಗೆ ತೂಗುಬಿಟ್ಟ ಚರ್ಮದ ಚೀಲಗಳು, ಹಿಂದೆ ತಗಡಿನ ಪೆಟ್ಟಿಗೆ, ಗಾಳಿ ತಡೆಯುವ ಗಾಜು, ಮಡಚುವ ಕುರ್ಚಿ. ಹದಿನೈದು ದಿನ ಆ ಪುಸ್ತಕ ನನ್ನ ದಿಂಬಿನ ಕೆಳಗಿತ್ತು. ಹೆಂಡತಿ ಅದನ್ನು ನಿಮ್ಮ ಪುರಾಣ ಎಂದು ಕರೆದಳು.

ಇಂಗ್ಲೆಂಡಿನಿಂದ ಚೀಲ ತರಿಸುವುದು ಆಗದ ಮಾತು. ಜೀನಿನ ಸಾಬರಲ್ಲಿಗೆ ಹೋಗಿ, ಚಿತ್ರ ತೋರಿಸಿ, ಇಂಥದ್ದೇ ಎಂಟು ದಿನದಲ್ಲಿ ಬೇಕು ಎಂದೆ. ಅವರು ಚಿತ್ರ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಒಳಗ ಏನೇನ ಇಡ್ತೀರಿ, ಎಲ್ಲಾ ತಂದು ಈ ಚಾಪಿ ಮ್ಯಾಲೆ ಹಾಸ್ರಿ ಡಾಕ್ಟರ್ ಸಾಹೇಬ್ರ" ಎಂದರು.

ಸಿಟ್ಟು ಬಂತು. ಆದರೂ ಮರುದಿನ ಟಾಂಗಾದಲ್ಲಿ ಎಲ್ಲ ಹೇರಿಕೊಂಡು ಹೋದೆ. ಔಷಧದ ಬಾಟಲಿ, ಸೂಜಿ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಮಳೆಗೆ ರಬ್ಬರ್ ಕೋಟು, ಇನ್ನೊಂದು ಜೊತೆ ಬೂಟು, ಪಂಕ್ಚರ್ ಸಾಮಾನು, ಪೆಟ್ರೋಲಿನ ಡಬ್ಬಿ, ಮಡಚುವ ಕುರ್ಚಿ. ಅವರು ಒಂದೊಂದನ್ನೇ ಎತ್ತಿ ತೂಗಿ ನೋಡಿ, ಬೇಡವಾದದ್ದನ್ನು ಓಣಿಯ ಕಡೆ ಸರಿಸಿದರು.

"ಕುರ್ಚಿ ಯಾಕ್ರಿ? ರೋಗಿ ಮನ್ಯಾಗ ನಿಮಗ ಕೂಡಾಕ ಜಾಗಾ ಕೊಡಂಗಿಲ್ಲೇನು?" ಕುರ್ಚಿ ಓಣಿಗೆ ಹೋಯಿತು. "ಬೂಟು ಕಾಲಾಗ ಅದಾವಲ್ರಿ." ಬೂಟೂ ಹೋಯಿತು. ಫ್ಲಾಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಇದು ಮೊದಲನೇ ಹಳ್ಳದಾಗ ಸಾಯತೈತಿ" ಎಂದು ಅದನ್ನೂ ದೂಡಿದರು. ಕೊನೆಗೆ ಚಾಪೆಯ ಮೇಲೆ ಬಾಟಲಿ, ಸೂಜಿ, ಕೋಟು, ಪಂಕ್ಚರ್ ಸಾಮಾನು ಉಳಿದವು. ಮದುವೆಗೆ ಕರೆದು ಎಲೆಯ ಮುಂದಿಂದ ಎಬ್ಬಿಸಿದ ಹಾಗಾಯಿತು ನನಗೆ.

ಅಷ್ಟಾದ ಮೇಲಾದರೂ ಅಳತೆ ತಗೊಂಡರೇ? ಇಲ್ಲ. ಎರಡು ಗೋಣಿಚೀಲದಲ್ಲಿ ಸಾಮಾನಿನಷ್ಟೇ ತೂಕದ ಮರಳು ತುಂಬಿ ಗಾಡಿಯ ಎರಡೂ ಬದಿಗೆ ಕಟ್ಟಿದರು. ಎಂಟು ದಿನ ಹಾಗೇ ಓಡಾಡಬೇಕಂತೆ. ಗೋಣಿ ಎಲ್ಲಿ ತಿಕ್ಕುತ್ತದೆ, ಎಲ್ಲಿ ಹೊಗೆಕೊಳವೆಗೆ ತಾಗಿ ಸುಡುತ್ತದೆ ನೋಡಬೇಕಂತೆ. "ನಿಂತ ಕುದುರಿಗೆ ಜೀನ ಹೊಲಿಬಾರದ್ರಿ. ನಡಿಸಿ ನೋಡಿ ಹೊಲಿಬೇಕು" ಎಂಬುದು ಅವರ ಮಾತು. ಹೊಸ ಗಾಡಿಯ ಮೇಲೆ ಗೋಣಿ ಹೇರಿಕೊಂಡು ಪೇಟೆಯಲ್ಲಿ ಹೊರಟರೆ ಅಂಗಡಿಯವರು ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದರು, "ಏನ್ರಿ ಡಾಕ್ಟರ, ದವಾಖಾನಿ ಬಿಟ್ಟು ಉಸುಕಿನ ಯಾಪಾರ ಹಿಡಿದ್ರೇನು?" ಎಂದು. ಎಂಟು ದಿನ ಹೋಗಿ ಹದಿನೈದಾಯಿತು, ತಿಂಗಳಾಯಿತು. ನಾನು ದಿನಾ ಹೋಗಿ ಕೇಳುವುದು, ಅವರು ದಾರಕ್ಕೆ ಮೇಣ ತೀಡುತ್ತ "ಆಗತೈತ್ರಿ" ಎನ್ನುವುದು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟು ಬರುತ್ತಿದ್ದೆ. ಅವರಷ್ಟು ಚೆನ್ನಾಗಿ ಹೊಲಿಯುವವರು ಆ ಸೀಮೆಯಲ್ಲೇ ಇರಲಿಲ್ಲ ಎಂಬುದೇ ನನ್ನ ಹಣೆಬರಹವಾಗಿತ್ತು.

ಕಡೆಗೂ ಚೀಲ ಆಯಿತು. ಚಿತ್ರದ್ದಕ್ಕಿಂತ ಚೆಂದ ಇತ್ತು. ಒಳಗೆ ಬಾಟಲಿಗೊಂದರಂತೆ ಗೂಡು, ಗೂಡಿಗೆಲ್ಲ ನಮದಾ, ಅಂದರೆ ಜೀನಿನ ಕೆಳಗೆ ಹಾಕುವ ಒತ್ತಿದ ಉಣ್ಣೆಯ ದಪ್ಪ ಬಟ್ಟೆ. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ತಳದ ಗಟ್ಟಿ ಹೊಲಿಗೆ ಬಾಕಿ ಇದೆ, ಅದಕ್ಕಿಂತ ಮುಂಚೆ ಒಂದು ಪರೀಕ್ಷೆ ಎಂದರು. ಒಳಗೆ ಹೋಗಿ ಆರು ಕೋಳಿ ತತ್ತಿ ತಂದು, ಒಂದೊಂದಕ್ಕೂ ಇದ್ದಿಲಿನಿಂದ ಗೀರು ಹಾಕಿ, ಗೂಡುಗಳಲ್ಲಿ ಇಟ್ಟರು.

"ಕುರುಗೋಡಿಗೆ ಹೋಗಿ ಬರ್ರಿ. ಆ ದಾರಿಯಷ್ಟು ಕೆಟ್ಟ ದಾರಿ ಇಲ್ಲ. ಯಾವ ಗೂಡಿನ ತತ್ತಿ ಒಡಿತೈತಿ, ಅಲ್ಲಿ ನಮದಾ ಕಡಿಮಿ ಬಿದ್ದೈತಿ ಅಂತ ತಿಳಿಬೇಕು. ದಂಡಿನ ಕುದುರಿ ಡಾಕ್ಟರಗೂ ಹಿಂಗ ಮಾಡಿ ಕೊಟ್ಟೀನಿ. ತತ್ತಿ ಸುಳ್ಳ ಹೇಳಂಗಿಲ್ರಿ."

ಕುರುಗೋಡು ನನ್ನ ಹೆಂಡತಿಯ ತವರು. ನಮ್ಮದು ಲಿಂಗ ಕಟ್ಟುವ ಮನೆತನ. ಮಾವನವರಂತೂ ಬಸವಣ್ಣನ ಗುಡಿಗೆ ಹೋಗಿ ಬಾರದೆ ನೀರು ಮುಟ್ಟುವವರಲ್ಲ. ಹೊಸ ಗಾಡಿಯಲ್ಲಿ ಅಳಿಯ ಬಂದನೆಂದರೆ ಇಡೀ ಓಣಿ ಕೂಡುತ್ತದೆ, ಯಾರಾದರೂ ಚೀಲದ ಮುಚ್ಚಳ ಎತ್ತಿಯೇ ಎತ್ತುತ್ತಾರೆ. ಒಳಗೆ ತತ್ತಿ ಕಂಡರೆ ಮುಗಿಯಿತು. ಕ್ಷಯದ ರೋಗಿಗಳಿಗೆ ದಿನಕ್ಕೆರಡು ತತ್ತಿ ತಿನ್ನಿ ಎಂದು ಚೀಟಿ ಬರೆದುಕೊಡುತ್ತಿದ್ದವನು ನಾನೇ. ಆದರೆ ಚೀಟಿ ಬರೆಯುವುದು ಬೇರೆ, ಮಾವನ ಮನೆ ಬಾಗಿಲಿಗೆ ಹೊತ್ತೊಯ್ಯುವುದು ಬೇರೆ. ಈ ಸಂಕಟವನ್ನು ಅವರಿಗೆ ಹೇಳಲು ನಾಚಿಕೆಯಾಯಿತು. ಅವರ ಅನ್ನವನ್ನು ಹಳಿದ ಹಾಗಾಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಊರು ದಾಟಿ ಮೂರು ಮೈಲಿ ಹೋದ ಮೇಲೆ ಬೇಲಿಯ ಮರೆಯಲ್ಲಿ ಗಾಡಿ ನಿಲ್ಲಿಸಿದೆ. ತಲೆಯ ಟೋಪಿ ತೆಗೆದು ಅಂಗಾತ ಇಟ್ಟು, ಆರೂ ತತ್ತಿಗಳನ್ನು ಅದರಲ್ಲಿ ಮಲಗಿಸಿ, ಮೇಲೆ ಕರವಸ್ತ್ರ ಹೊದಿಸಿ, ಅಲ್ಲೇ ಬಿಟ್ಟು ಕುರುಗೋಡಿಗೆ ಹೋದೆ. ಮಾವನವರು ಗಾಡಿಯನ್ನು ಸುತ್ತು ಹಾಕಿ ನೋಡಿದರು. "ಬಿಸಲಾಗ ಟೋಪಿ ಇಲ್ಲದ ಬಂದೀರೇನ್ರಿ ಅಳಿಯದೇವ್ರು?" ಎಂದು ಕೇಳಿದರು. ಚೀಲದ ಕಡೆ ಕಣ್ಣೆತ್ತಿ ಕೂಡ ನೋಡಲಿಲ್ಲ. ಮಜ್ಜಿಗೆ ಕುಡಿದು ಹೊರಟು, ಬೇಲಿಯ ಹತ್ತಿರ ತತ್ತಿಗಳನ್ನು ಮತ್ತೆ ಗೂಡುಗಳಲ್ಲಿಟ್ಟು, ಧೂಳು ಮೆತ್ತಿದ ಚೀಲ ತಂದು ಸಾಬರ ಮುಂದಿಟ್ಟೆ.

ಅವರು ಒಂದೊಂದೇ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಆರೂ ಗಟ್ಟಿಯಾಗಿದ್ದವು. ಅವರ ಮುಖ ನಾನು ಎಂದೂ ಕಾಣದ ಹಾಗೆ ಅರಳಿತು.

"ಯಾವಾಗಲೂ ಎರಡಾದ್ರೂ ಒಡಿತಿದ್ವು. ಆರೂ ಉಳಿದದ್ದು ನನ್ನ ಜನ್ಮದಾಗ ಇಲ್ಲ" ಎಂದರು. "ಈ ಎಡಗಡಿ ತಳದ ಮೂಲಿ ಮ್ಯಾಲೆ ನನಗ ಅನುಮಾನ ಇತ್ತು. ಇರಲಿ, ತತ್ತಿ ಹೇಳಿದ ಮ್ಯಾಲೆ ಏನೈತಿ."

ನನಗೆ ಚಹಾ ತರಿಸಿ ಕುಡಿಸಿದರು. ನಾನು ಕುಡಿಯುತ್ತ ಕೂತಿದ್ದಾಗಲೇ ದಬ್ಬಣ ಹಿಡಿದು ತಳದ ಹೊಲಿಗೆ ಹಾಕಿ ಮುಗಿಸಿದರು. ಅಂತೂ ಚೀಲ ಕೈಗೆ ಬಂತಲ್ಲ ಎಂಬ ಸಂತೋಷದಲ್ಲಿ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ಮೂರು ವಾರ ಕಳೆದಿರಬಹುದು, ಸಿರುಗುಪ್ಪದ ಆಚೆಯ ಕರೂರಿನಿಂದ ಕರೆ ಬಂತು. ಭತ್ತದ ಗದ್ದೆಗೆ ಕೂಲಿಗೆ ಹೋಗುವ ಹೆಂಗಸೊಬ್ಬಳಿಗೆ ಹಿಂದಿನ ದಿನದಿಂದ ವಾಂತಿಭೇದಿ. ನರಕ್ಕೆ ಏರಿಸುವ ಉಪ್ಪುನೀರಿನ ನಾಲ್ಕು ಬಾಟಲಿಗಳನ್ನು ಎಡಗಡೆಯ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಹೊರಟೆ. ಸಿರುಗುಪ್ಪ ದಾಟಿದ ಮೇಲೆ ಎರೆಭೂಮಿಯ ಗಾಡಿಜಾಡು, ಒಣಗಿ ಕಲ್ಲಾಗಿತ್ತು. ಊರು ಮುಟ್ಟುವ ಹೊತ್ತಿಗೆ ನನ್ನ ಎಡಗಾಲಿನ ಪ್ಯಾಂಟು ತೊಯ್ದಿತ್ತು. ಕಾಲುವೆ ದಾಟುವಾಗ ನೀರು ಸಿಡಿದಿರಬೇಕು ಎಂದುಕೊಂಡೆ. ಮುಚ್ಚಳ ತೆಗೆದರೆ ಮೂಲೆಯ ಬಾಟಲಿ ಒಡೆದು, ಅದರ ಚೂರು ಪಕ್ಕದವಕ್ಕೆ ಬಡಿದು, ಮೂರು ಹೋಗಿದ್ದವು. ಉಳಿದ ಒಂದನ್ನೇ ಏರಿಸಿದೆ. ಅದು ಮುಗಿಯುತ್ತ ಬಂದಾಗ ಆಕೆ ಕಣ್ಣು ಬಿಟ್ಟು, ನಾಲ್ಕು ವರ್ಷದ ಮಗಳನ್ನು ಕೇಳಿದಳು. ನನಗೆ ಇನ್ನೊಂದು ಬಾಟಲಿ ಬೇಕಿತ್ತು, ಎರಡಿದ್ದರೆ ಬದುಕುತ್ತಾಳೆ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಸಿರುಗುಪ್ಪಕ್ಕೆ ಓಡಿದೆ, ಸಿಗಲಿಲ್ಲ. ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಆಕೆ ಹೋಗಿದ್ದಳು.

ಚೀಲ ತಂದು ಸಾಬರ ಮುಂದೆ ಇಟ್ಟೆ, ಆದದ್ದನ್ನು ಹೇಳಿದೆ. ಬೇಲಿಯ ಮರೆಯದನ್ನು ಮಾತ್ರ ಹೇಳಲಿಲ್ಲ. ಅವರು ತಳದ ಹೊಲಿಗೆ ಬಿಚ್ಚಿದರು. ಎಡಗಡೆಯ ಮೂಲೆಯಲ್ಲಿ ನಮದಾ ಒಂದು ಬೆರಳಿನಷ್ಟು ಕಡಿಮೆ ಬಿದ್ದಿತ್ತು. ಆ ಜಾಗದ ಮೇಲೆ ಬೆರಳಿಟ್ಟು ಅಳೆದು ನೋಡಿದರು.

"ತತ್ತಿ ಉಳಿದಿದ್ವಲ್ರಿ" ಎಂದರು. ಆಮೇಲೆ, "ಆಕಿಗೆ ಮಕ್ಕಳು ಅದಾವೇನು?"

"ಒಂದು ಹೆಣ್ಣುಕೂಸು."

ಚೀಲವನ್ನು ರಿಪೇರಿ ಮಾಡಿಕೊಟ್ಟರು, ನಮದಾ ಇಮ್ಮಡಿ ಹಾಕಿ. ಆದರೆ ಅಂದಿನಿಂದ ಅವರು ಯಾರ ಚೀಲದಲ್ಲೂ ತತ್ತಿ ಇಟ್ಟು ನೋಡಲಿಲ್ಲ. ಕೇಳಿದವರಿಗೆ "ಅದರ ಮ್ಯಾಲಿನ ನಂಬಿಕಿ ಹೋತು" ಎನ್ನುತ್ತಿದ್ದರು. ಹೊಲಿದದ್ದನ್ನೇ ಬಿಚ್ಚುವುದು, ಮತ್ತೆ ಹೊಲಿಯುವುದು ಶುರುವಾಯಿತು. ಆ ವರ್ಷದ ರಂಜಾನಿನಲ್ಲಿ ನನ್ನನ್ನು ಕರೆದು, ಲಂಗದ ಬಟ್ಟೆಯೊಂದನ್ನು ಅದೇ ಚೀಲದಲ್ಲಿಟ್ಟು, "ಕರೂರಿಗೆ ಹೋದಾಗ ಆ ಕೂಸಿಗೆ ಕೊಡ್ರಿ. ಯಾರು ಕೊಟ್ರು ಅನ್ನೂದು ಬ್ಯಾಡ" ಎಂದರು. ಕೊಟ್ಟು ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬೈದುಕೊಂಡದ್ದಷ್ಟೇ, ಬಾಯಿ ಬಿಡಲಿಲ್ಲ. ಹೇಡಿಗೆ ಬೈಗುಳವೂ ಒಂದು ಸಮಾಧಾನ.

ಮರುವರ್ಷದ ರಂಜಾನಿಗೆ ಮತ್ತೆ ಕರೆದು, ಹೊಲಿಯುತ್ತ ಕೂತಲ್ಲಿಂದಲೇ ಬಟ್ಟೆ ಎತ್ತಿ ಕೊಟ್ಟರು. ಪಕ್ಕದಲ್ಲಿ ಮೂರು ಸಲ ಹೊಲಿದು ಬಿಚ್ಚಿದ ಲಗಾಮಿನ ಪಟ್ಟಿಯೊಂದು ಬಿದ್ದಿತ್ತು. ನನ್ನಿಂದ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಬೇಲಿ, ಟೋಪಿ, ಕರವಸ್ತ್ರ, ಮಾವನವರ ಅಂಜಿಕೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಾಲ್ಬೆರಳಿನ ಸಂದಿನಿಂದ ದಾರ ಬಿಡಿಸಿ ಪಕ್ಕಕ್ಕಿಟ್ಟರು.

"ಒಂದು ಮಾತು ನನಗ ಹೇಳಿದ್ರ, ತತ್ತಿ ಬದಲಿ ಕಂದೀಲಿನ ಗಾಜು ಇಟ್ಟು ಕೊಡ್ತಿದ್ನಲ್ರಿ" ಎಂದರು.

ಅಷ್ಟು ಸುಲಭದ ದಾರಿ ಇತ್ತು, ಒಂದೇ ಮಾತಿನ ದೂರದಲ್ಲಿ. ನಾನು ಬಟ್ಟೆಯನ್ನು ಅವರ ಮುಂದೆ ಇಟ್ಟು, ಇದು ಇನ್ನು ನನ್ನ ಕೆಲಸ ಎಂದೆ. ಅವರು ಅದನ್ನು ತಿರುಗಿ ನನ್ನ ಕಡೆಗೇ ಸರಿಸಿದರು.

"ನಿಮ್ಮದು ನೀವು ಕೊಡ್ರಿ. ನಂದು ನಾ ಕೊಡ್ತೀನಿ. ಆ ಮೂಲಿ ಮ್ಯಾಲೆ ಅನುಮಾನ ಇತ್ತು ನನಗ. ಆರೂ ಉಳಿದ್ವು ಅಂತ ಉಬ್ಬಿ ಹೊಲಿದುಬಿಟ್ಟೆ. ಅಷ್ಟರಮಟ್ಟಿಗೆ ಅದು ನಂದು."

ಆಮೇಲೆ ಒಳಗೆ ಹೋಗಿ ಆರು ತತ್ತಿ ತಂದು ಗೀರು ಹಾಕಿ ಗೂಡುಗಳಲ್ಲಿಟ್ಟರು. "ಈಗ ಹೋಗಿ ಬರ್ರಿ ಕುರುಗೋಡಿಗೆ" ಎಂದರು. ಹೋದೆ. ಮಾವನವರಿಗೆ ನಾನೇ ಮುಚ್ಚಳ ತೆಗೆದು ತೋರಿಸಿ, ಯಾಕೆಂದು ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಔಷಧದ ಕೆಲಸಕ್ಕಂದ್ರ ಇರಲಿ ಬಿಡ್ರಿ. ಗಾಡಿ ಮಾತ್ರ ಕಟ್ಟಿ ಕೆಳಗ ನಿಲ್ಲಿಸ್ರಿ" ಎಂದರು. ಅಷ್ಟೇ. ಇಷ್ಟಕ್ಕೆ ಅಂಜಿ ಒಂದು ಜೀವ ಕಳೆದಿದ್ದೆ. ತಿರುಗಿ ಬಂದಾಗ ಒಂದು ತತ್ತಿ ಒಡೆದಿತ್ತು. ಸಾಬರು ಆ ಗೂಡಿಗೆ ನಮದಾ ಸೇರಿಸುತ್ತ, ಬಹಳ ದಿನಗಳ ಮೇಲೆ, ಬಿಚ್ಚದೆ ಒಂದೇ ಸಲಕ್ಕೆ ಹೊಲಿದರು.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೊದಿಸಿದ ಬಿಳಿ ಬಟ್ಟೆಯ ಕೆಳಗೂ ಆ ಎರಡು ಬೆರಳು ಅಗಲಿಕೊಂಡೇ ಇದ್ದದ್ದು ಗೊತ್ತಾಗುತ್ತಿತ್ತು. ಆ ಚೀಲದಲ್ಲಿ ಆಮೇಲೆ ನನ್ನ ಒಂದು ಬಾಟಲಿಯೂ ಒಡೆದಿಲ್ಲ.

ಮರುವರ್ಷದ ರಂಜಾನಿಗೆ ಪೇಟೆಯಲ್ಲಿ ಅವರದೊಂದು ನನ್ನದೊಂದು ಎಂದು ಎರಡು ಲಂಗದ ಬಟ್ಟೆ ಕೊಂಡು ಕರೂರಿಗೆ ಹೋದೆ. ಹುಡುಗಿ ಈಗ ಒಂಬತ್ತು ವರ್ಷದವಳು. ಅಜ್ಜಿ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹುಡುಗಿ ಎರಡನ್ನೂ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡು ನೋಡಿ, "ವರ್ಷಾ ಎರಡೆರಡು ಯಾಕ ತರ್ತೀರಿ ಡಾಕ್ಟರ? ನಾ ಒಬ್ಬಾಕಿ ಅದೀನಿ" ಎಂದಳು.

ಒಂದು ಹರಿದರೆ ಇನ್ನೊಂದು ಇರಲಿ ಎಂದು ಹೇಳಿ ಗಾಡಿ ಏರಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಕಂದೀಲಿನ ಗಾಜು ನೆನಪಾಯಿತು.

"ಮೊರ ಕೆಳಗಿಡಬೇ ಅಜ್ಜಿ, ಸ್ವಲ್ಪ ಕೇಳು" ಎಂದು ಹೇಳಿ ಅವರ ಕಟ್ಟೆಯ ಮೇಲೆ ಕೂತೆ. ಟೋಪಿ ತೆಗೆದು ಪಕ್ಕದಲ್ಲಿ ಅಂಗಾತ ಇಟ್ಟೆ, ಅಲ್ಲಿಂದಲೇ ಶುರು ಮಾಡಿದೆ.