ಬೇರೆ ಬೇರೆ ಡಬ್ಬದ ರಾಜ ರಾಣಿ

ಪಕ್ಕದ ಮನೆಯ ಅಂಕಲ್ ಟೀ ಶರ್ಟಿನ ಕೊರಳೊಳಗೆ ಕೈಹಾಕಿ ಜನಿವಾರ ಎಳೆದರೆ ಅದಕ್ಕೆ ಕಟ್ಟಿದ ಬೀಗದ ಕೈ ಹೊರಬರುತ್ತಿತ್ತು. ಅದೇ ಬೀಗದ ಇನ್ನೊಂದು ಕೈ ಅವರ ಕರಿಬೇವಿನ ಕುಂಡದ ಕೆಳಗೆ, ಮತ್ತೊಂದು ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ. “ಎಲ್ಲಾ ಒಂದೇ ಕಡೆ ಇಡಬಾರ್ದಮ್ಮ” ಎನ್ನುವುದು ಅವರ ದಿನನಿತ್ಯದ ಮಾತು.

ಅಮೆರಿಕದ ಈ ಎವರ್‌ಗ್ರೀನ್ ಬಡಾವಣೆಗೆ ನಾವು ಬಂದಾಗಿನಿಂದ ನನ್ನ ಮಗಳಿಗೆ ಅವರೇ ತಾತ. ಮನೆಯೊಳಗೆ ಜೇಡ ಬಂದರೂ ಲೋಟ ಮುಚ್ಚಿ ಹಿತ್ತಲಿಗೆ ಬಿಟ್ಟು ಬರುವ ಮನುಷ್ಯ. ದಸರಾ ಗೊಂಬೆ ಎತ್ತಿಡುವಾಗ ಮಾತ್ರ ಅವರ ವರಸೆಯೇ ಬೇರೆ. ಪಟ್ಟದ ರಾಜ ಗರಾಜಿಗೆ, ರಾಣಿ ನಮ್ಮ ಮನೆಗೆ, ಉಳಿದವು ಅವರ ಮಲಗುವ ಕೋಣೆಯ ಕಪಾಟಿಗೆ. ಭೂಕಂಪವಾದರೆ ಒಂದಾದರೂ ಉಳಿಯಬೇಕಂತೆ. “ಮೈಸೂರಿಂದ ಜೊತೆಯಾಗಿ ಬಂದ ಗಂಡ ಹೆಂಡ್ತೀನ ಬೇರೆ ಮಾಡ್ತಾರಲ್ಲೇ!” ಎಂದು ಆಂಟಿ ರೇಗುತ್ತಿದ್ದರು. ಆಂಟಿ ಹೋದ ಮೇಲೂ ಅಂಕಲ್ ಗೊಂಬೆ ಕೂರಿಸುವುದನ್ನು ಬಿಡಲಿಲ್ಲ.

ಹೋದ ವರ್ಷದ ಹಿಂದಿನ ದಸರಾ. ಮಗಳು ಗೊಂಬೆ ಒರೆಸುತ್ತಾ, ಅಮೆರಿಕದ ಅಣ್ವಸ್ತ್ರಗಳ ಬಗ್ಗೆ ಸ್ಕೂಲಿನಲ್ಲಿ ಪ್ರಾಜೆಕ್ಟು ಕೊಟ್ಟಿದ್ದಾರೆ ಎಂದಳು. ಅಂಕಲ್ ಉತ್ಸಾಹದಿಂದ ಶುರು ಮಾಡಿದರು:

“ಒಂದಷ್ಟು ಮಿಸೈಲು ನೆಲದೊಳಗೆ, ಬಾವಿ ಥರ ತೋಡಿ ಇಟ್ಟಿರ್ತಾರೆ ಪುಟ್ಟಿ. ಒಂದಷ್ಟು ಸಮುದ್ರದಡಿ ಸಬ್‌ಮೆರೀನಲ್ಲಿ. ಇನ್ನೊಂದಷ್ಟು ಬಾಂಬರ್ ವಿಮಾನಕ್ಕೆ. ಶತ್ರು ಬೇರೆದೆಲ್ಲಾ ಮುಗಿಸಿದ್ರೂ ಒಂದು ಉಳೀಬೇಕು. ತಿರುಗಿ ಹೊಡೀಬೇಕಲ್ಲ?”

“ನಿಮಗೆ ಹೇಗೆ ಗೊತ್ತು ಅಂಕಲ್?” ಎಂದೆ.

“ಪೇಪರಲ್ಲೇ ಬರುತ್ತಲ್ಲಮ್ಮ. ನಾನು ರಿಟೈರ್ ಆಗೋವರೆಗೂ ಮಾಡಿದ್ದೂ ಸಬ್‌ಮೆರೀನ್ ಮಿಸೈಲಿನ ಕೆಲಸಾನೇ. ಕೊನೇಲಿ ಉಳಿಯೋದು ಅದೇ.”

ಆ ಸ್ವರದಲ್ಲಿ ಹೆಮ್ಮೆಯಿತ್ತು. ನಮಗೆ ರಾಕೆಟ್ಟಿನ ಕೆಲಸ ಎಂದಷ್ಟೇ ಹೇಳಿದ್ದರು. ನಾವು ಚಂದ್ರಲೋಕ ಎಂದುಕೊಂಡಿದ್ದೆವು! ಊರಿಗೆ ಊರೇ ಸುಡುವ ವಸ್ತುವಿಗೆ ಆಯಸ್ಸು ತೇದ ಕೈ, ನನ್ನ ಮಗುವಿಗೆ ಮೊಸರನ್ನ ಕಲಸಿ ತಿನ್ನಿಸಿದ ಕೈ.

ಮಗಳು ಕೇಳಿದಳು: “ಬಟ್ ತಾತ, ಅದು ಉಳಿದಾಗ ಜನ ಯಾರಿರ್ತಾರೆ?”

“ಅದನ್ನ ಯಾವತ್ತೂ ಹಾರಿಸಬಾರ್ದು ಅಂತಲೇ ಮಾಡೋದು ಪುಟ್ಟಿ” ಎಂದರು.

“ದಟ್ಸ್ ನಾಟ್ ವಾಟ್ ಐ ಆಸ್ಕ್ಡ್.”

ಒರೆಸುವ ಬಟ್ಟೆ ಕೆಳಗಿಟ್ಟು ಮನೆಗೆ ನಡೆದವಳು ಮತ್ತೆ ಆ ಕಡೆ ಹೋಗಲೊಲ್ಲಳು. ಬಲವಂತ ಮಾಡಲು ನನಗೂ ಮನಸ್ಸಾಗಲಿಲ್ಲ. ಅಂಕಲ್ ಬೇಲಿಯಾಚೆ ನಿಂತು, “ಪುಟ್ಟಿ ಬರಲ್ವೇನಮ್ಮ?” ಎಂದು ಕೇಳುತ್ತಿದ್ದರು. ಕರುಳು ಚುರುಕ್ಕೆನ್ನುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮುಂದಿನ ದಸರಾ ಹೊತ್ತಿಗೆ ಅವರು ಸೊರಗಿಹೋಗಿದ್ದರು. ಗೊಂಬೆ ಎತ್ತಿಡಲು ಕೈಲಾಗುತ್ತಿಲ್ಲ ಎಂದು ಕೇಳಿ ಮಗಳು ತಾನಾಗಿಯೇ ಎದ್ದು ಬಂದಳು. ರಾಜನನ್ನು ಬಟ್ಟೆಯಲ್ಲಿ ಸುತ್ತಿ ಗರಾಜಿನ ಡಬ್ಬ ತೆಗೆದಳು.

“ಬೇಡ. ಈ ಸಲ ಇಬ್ಬರನ್ನೂ ಒಂದೇ ಡಬ್ಬಕ್ಕೆ ಹಾಕು” ಎಂದರು ಅಂಕಲ್.

“ಅರ್ಥ್‌ಕ್ವೇಕ್ ಆದ್ರೆ?”

“ಆಗ್ಲಿ ಬಿಡು. ಒಬ್ಬರೇ ಉಳ್ಕೊಂಡು ಏನು ಮಾಡೋದು?” ರಾಣಿಯನ್ನು ಅವಳ ಕೈಗಿಟ್ಟು, “ನೀನು ಅವತ್ತು ಕೇಳಿದ್ಯಲ್ಲ, ಅದನ್ನ ನಾನು ಯಾವತ್ತೂ ಕೇಳ್ಕೊಂಡಿರಲಿಲ್ಲ” ಎಂದರು. ಮಗಳು ಅವರ ಮೊಣಕಾಲಿಗೆ ತಲೆಯಾನಿಸಿ ಅತ್ತಳು.

ಯುಗಾದಿಗೆ ಮುಂಚೆ ಅಂಕಲ್ ಹೋದರು. ಡಬ್ಬ ಈಗ ನಮ್ಮ ಮನೆಯಲ್ಲಿದೆ. ಅವರನ್ನು ನೆನೆದರೆ ಪ್ರೀತಿಯೂ ನಡುಕವೂ ಒಟ್ಟಿಗೇ ಬರುತ್ತವೆ; ಬೇರೆ ಬೇರೆ ಎತ್ತಿಡಲು ನನ್ನಿಂದ ಇನ್ನೂ ಆಗಿಲ್ಲ.