ಒಂದೇ ಕದ ತೆರೆದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಮುಖ್ಯಮಂತ್ರಿಯನ್ನೇ ಇಳಿಸಿದಳು ಎಂದು ಊರೆಲ್ಲ ಆಡಿಕೊಂಡಿತು. ಶುದ್ಧ ಸುಳ್ಳು. ಅವಳು ಬಾಗಿಲು ಹಾಕಿದಳು, ಅಷ್ಟೆ. ಬಾಗಿಲು ಹಾಕುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು. ಹೇಳಿದ ಕೆಲಸ ಸರಿಯಾಗಿ ಮಾಡಿದ್ದಕ್ಕೆ ಒಬ್ಬ ಹೆಂಗಸನ್ನು ಹಿಗ್ಗಾಮುಗ್ಗಾ ಬೈದ ಜನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವಳ ತಂಗಿಯ ಮಗಳು. ಪ್ರಾಂತ್ಯದ ಶಾಸನಸಭೆಯ ಕಟ್ಟಡದಲ್ಲಿ ಚಹಾದ ಕೌಂಟರ್ ನನ್ನದು. ಕೌಂಟರಿನ ಎದುರಿಗೇ ಸಭಾಂಗಣದ ಹೆಬ್ಬಾಗಿಲು, ಬಾಗಿಲಲ್ಲಿ ದೊಡ್ಡಮ್ಮ. ಕುಳ್ಳಗೆ, ದುಂಡಗೆ, ಬಿಳಿ ಕೋಟು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಕೋಟನ್ನು ಹೊಲಿದವರು ದೊಡ್ಡಪ್ಪ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವರು ಹೆಂಡತಿಯ ಕೋಟಿಗೆ ಮಾತ್ರ ಬೇರೆಯವರ ಬಟ್ಟೆಗಿಂತ ಒಂದು ಹೊಲಿಗೆ ಹೆಚ್ಚೇ ಹಾಕುತ್ತಿದ್ದರು. ಸದಸ್ಯರೆಲ್ಲ ಅವಳನ್ನು ಚಿಲಕದಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ, ಆಮೇಲೆ ಅಭ್ಯಾಸಕ್ಕೆ.

ಆ ಬಾಗಿಲಿಗೆ ಎರಡು ಎತ್ತರದ ಕದ. ಬಲಗಡೆಯದು ಎಲ್ಲರಿಗೂ. ಎಡಗಡೆಯದು ಮುಖ್ಯಮಂತ್ರಿಗೆ ಮಾತ್ರ. ಅವರು ಬರುವಾಗ ದೊಡ್ಡಮ್ಮ ಬಗ್ಗಿ, ನೆಲಕ್ಕೆ ಇಳಿದಿದ್ದ ಸರಳನ್ನು ಎತ್ತಿ, ಎಡಗದವನ್ನೂ ಎಳೆದು ತೆರೆಯಬೇಕು. ಇದು ಯಾವ ಕಾಲದಿಂದ ನಡೆದುಬಂದ ಪದ್ಧತಿಯೋ ಯಾರಿಗೂ ಗೊತ್ತಿರಲಿಲ್ಲ. ಎರಡೂ ಕದ ತೆರೆದರೆ ಲಾರಿ ನುಗ್ಗಬಹುದು. ಒಳಗೆ ಹೋಗುತ್ತಿದ್ದುದು ಒಬ್ಬ ಸಣಕಲು ಮನುಷ್ಯ.

ಆದರೆ ಮತಕ್ಕೆ ಹಾಕುವಾಗಿನ ನಿಯಮವೇ ಬೇರೆ. ಆಗ ಕಟ್ಟಡದ ತುಂಬ ಗಂಟೆ ಬಡಿಯುತ್ತದೆ. ಓದುವ ಕೋಣೆಯಲ್ಲಿದ್ದವರು, ಕಕ್ಕಸಿನಲ್ಲಿದ್ದವರು, ನನ್ನ ಕೌಂಟರಿನಲ್ಲಿ ಹರಟುತ್ತಿದ್ದವರು ಎಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಾರೆ. ಗಂಟೆ ನಿಂತ ಕ್ಷಣ ಬಾಗಿಲು ಹಾಕಬೇಕು. ತಲೆ ಎಣಿಸಿ ಮುಗಿಯುವ ತನಕ ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಗಂಟೆ ಬಡಿಯುತ್ತಿರುವಾಗ ಎಡಗದ ತೆರೆಯುವ ಹಾಗೂ ಇಲ್ಲ. ಆ ಹಳೆಯ ಸರಳು ಬೇಗ ಬೀಳುವುದಿಲ್ಲ, ಬಾಗಿಲು ಹಾಕುವುದು ತಡವಾಗುತ್ತದೆ.

ನಮ್ಮ ಬೀದಿಯವರಿಗೆ ಇದೆಲ್ಲ ತಲೆಗೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಇಸ್ತ್ರಿಯವಳು ಒಮ್ಮೆ ಕೇಳಿದಳು, "ಮುಖ್ಯಮಂತ್ರೀನ ನಾವೇ ಅಲ್ವೇನಕ್ಕಾ ಆರಿಸಿದ್ದು?"

"ನೀನು ಆರಿಸಿದ್ದು ನಿನ್ನ ಏರಿಯಾದ ಸದಸ್ಯನ್ನ," ಎಂದಳು ದೊಡ್ಡಮ್ಮ. "ನೀನು ಅವನನ್ನ ನನ್ನ ಬಾಗಿಲ ತನಕ ಕಳಿಸ್ತೀಯ. ಒಳಗೆ ಹೋದ ಮೇಲೆ ಅವರವರೇ ಸೇರ್ಕೊಂಡು ಒಬ್ಬನನ್ನ ಕುರ್ಚಿ ಮೇಲೆ ಕೂರಿಸ್ತಾರೆ. ಒಳಗಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವನ ಕಡೆ ಇರೋ ತನಕ ಅವನು ಮುಖ್ಯಮಂತ್ರಿ. ಒಬ್ಬ ಕಮ್ಮಿ ಆದ್ನೋ, ಗಾಡಿ ಇಲ್ಲ, ಬಂಗಲೆ ಇಲ್ಲ, ಎಡಗದಾನೂ ಇಲ್ಲ."

"ಅಯ್ಯೋ, ಅಷ್ಟೇನಾ?"

"ಅಷ್ಟೇ. ಅದಕ್ಕೇ ಅವರು ಅಷ್ಟು ನಗ್ತಿರೋದು, ಎಲ್ಲರ ಜೊತೆ."

ಅವಳು ಆ ಬಾಗಿಲಿಗೆ ಬಂದ ಕಥೆಯನ್ನು ಹೇಳಲೇಬೇಕು. ಹಿಂದೆ ಹೆಂಗಸರಿಗೆ ಮಹಡಿಯ ಗ್ಯಾಲರಿಯ ಕಾವಲು ಮಾತ್ರ ಕೊಡುತ್ತಿದ್ದರು. ಅಲ್ಲಿ ಕೂತು ನೋಡಲು ಬಂದವರಿಗೆ ಮಾತಾಡಬೇಡಿ, ಕೆಮ್ಮಬೇಡಿ, ಕಾಲು ಚಾಚಬೇಡಿ ಎನ್ನುವುದೇ ಕೆಲಸ. ಹೆಬ್ಬಾಗಿಲಿನ ಕೆಲಸ ಖಾಲಿಯಾದಾಗ ದೊಡ್ಡಮ್ಮ ತನಗೇ ಕೊಡಿ ಎಂದಳು. ಅಧಿಕಾರಿಗಳೆಲ್ಲ ಮುಸಿಮುಸಿ ನಕ್ಕರು. ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಆ ಸಣಕಲು ಮನುಷ್ಯ ಮಾತ್ರ ನಗಲಿಲ್ಲ. "ಬಾಗಿಲಿಗೆ ಗಂಡೇನು ಹೆಣ್ಣೇನು ರೀ? ತೆಗೀಬೇಕು, ಹಾಕಬೇಕು," ಎಂದು ಅವಳನ್ನು ಅಲ್ಲೇ ನಿಲ್ಲಿಸಿದರು. ದೊಡ್ಡಮ್ಮನಿಗೆ ಆ ಮನುಷ್ಯನೆಂದರೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಅವರು ಬರುವ ದಿನ ಎಡಗದದ ಕೀಲಿಗೆ ತಾನೇ ಎಣ್ಣೆ ಬಿಡುತ್ತಿದ್ದಳು.

ಆಮೇಲೆ ಅವರ ಪಕ್ಷದ ಕೆಲವರು ಕಾಲು ಕಿತ್ತರು. ಎದುರು ಪಕ್ಷದವರು ಅವಿಶ್ವಾಸ ತಂದರು. ಕುರ್ಚಿ ಉಳಿಯುವುದೋ ಹೋಗುವುದೋ ಒಂದೆರಡು ತಲೆಯ ಮೇಲೆ ನಿಂತಿತ್ತು. ಮತದ ದಿನ ಮುಖ್ಯಮಂತ್ರಿ ತಮ್ಮ ಕೋಣೆಯಲ್ಲಿ, ಅತ್ತಿತ್ತ ಓಲಾಡುತ್ತಿದ್ದ ಇಬ್ಬರು ಸದಸ್ಯರ ಮನಸ್ಸು ತಿರುಗಿಸುತ್ತ ಕೂತಿದ್ದರು. ಗಂಟೆ ಬಡಿಯಿತು. ಜನ ಒಳಗೆ ನುಗ್ಗಿದರು. ಕೊನೆಗೆ ಮೊಗಸಾಲೆಯ ಆ ತುದಿಯಲ್ಲಿ ಅವರೂ ಕಾಣಿಸಿಕೊಂಡರು. ಹಿಂದೆ ಆ ಇಬ್ಬರು, ಮುಂದೆ ಅವರ ಕಾರ್ಯದರ್ಶಿಯೂ ಆಗಿದ್ದ ಅಳಿಯ. ಅಬ್ಬ, ಬಂದರಲ್ಲ ಎಂದುಕೊಂಡೆ. ಗಂಟೆ ಇನ್ನೂ ಬಡಿಯುತ್ತಲೇ ಇತ್ತು, ಬಲಗದ ತೆರೆದೇ ಇತ್ತು.

ಅಳಿಯ ಬಾಗಿಲ ಮುಂದೆ ಕೈ ಅಡ್ಡ ಹಿಡಿದ. "ಎರಡೂ ಕದ ತೆಗೀರಿ."

"ಗಂಟೆ ಹೊಡೀತಿದೆ ಸ್ವಾಮಿ, ತೆಗೆಯೋ ಹಾಗಿಲ್ಲ. ಬನ್ನಿ, ಒಂದರಲ್ಲೇ ಬನ್ನಿ," ಎಂದಳು ದೊಡ್ಡಮ್ಮ.

"ಫೋಟೋ ತೆಗೆಯೋರು ನಿಂತಿದ್ದಾರೆ ಕಾಣಲ್ವಾ? ಇವತ್ತೇ ಸಂದೀಲಿ ನುಸುಳ್ಕೊಂಡು ಹೋದ್ರೆ ಸೋತವರ ಥರ ಕಾಣುತ್ತೆ. ತೆಗೀರಿ ಅಂದೆ!"

ದೊಡ್ಡಮ್ಮ ಅವನನ್ನು ದಾಟಿ ನೇರವಾಗಿ ಮುಖ್ಯಮಂತ್ರಿಯನ್ನು ನೋಡಿದಳು. "ಸ್ವಾಮಿ, ಗಂಟೆ ನಿಲ್ಲುತ್ತೆ! ನಿಮ್ಮ ದಮ್ಮಯ್ಯ, ಬಂದ್ಬಿಡಿ!"

ಆ ದನಿ ಇಡೀ ಮೊಗಸಾಲೆಗೆ ಕೇಳಿಸಿತು. ನಾನೂ ಕೌಂಟರಿನಿಂದ "ಹೋಗಿ ಸಾರ್, ಹೋಗಿ" ಎಂದು ಕೂಗಿಕೊಂಡೆ. ಮುಖ್ಯಮಂತ್ರಿ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು. ದಿನವೂ ಹೀಗೇ ನಿಂತು, ಕದ ತೆರೆದ ಮೇಲೆ ನಡೆಯುವುದು ಅವರ ರೂಢಿ. ಗಂಟೆ ನಿಂತಿತು. ದೊಡ್ಡಮ್ಮನ ಮುಖ ಒಂದು ಸಲ ಕಿವುಚಿದಂತಾಯಿತು. ಮರುಕ್ಷಣ ಬಲಗದ ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಬಂತು.

ಅಳಿಯ ಎರಡೂ ಕೈಯಲ್ಲಿ ಬಾಗಿಲು ಬಡಿದ. "ಹೊರಗೆ ಯಾರಿದ್ದಾರೆ ಗೊತ್ತಾ?"

"ಗೊತ್ತು," ಎಂದಿತು ಒಳಗಿನ ದನಿ. "ಎಣಿಸಿ ಮುಗೀಲಿ, ತೆಗೀತೀನಿ."

ಓಲಾಡುತ್ತಿದ್ದ ಇಬ್ಬರಲ್ಲಿ ಒಬ್ಬ ನನ್ನ ಹತ್ತಿರ ಬಂದು, ಹೇಗೂ ಹೊತ್ತಿದೆಯಲ್ಲ, ಒಂದು ಚಹಾ ಕೊಡಿ ಎಂದ. ನಾನು ಕೊಡಲಿಲ್ಲ. ಬಾಗಿಲು ತೆರೆದಾಗ ಸರ್ಕಾರ ಬಿದ್ದಿತ್ತು. ಹೊರಗೆ ಉಳಿದ ಮೂವರು ಒಳಗಿದ್ದರೆ ಉಳಿಯುತ್ತಿತ್ತು.

ಎದುರು ಪಕ್ಷದ ಸದಸ್ಯರು ಸೇರಿ ತಮ್ಮ ನಾಯಕನನ್ನು ಆರಿಸಿದರು. ದಪ್ಪ ಮೈಯ, ದೊಡ್ಡ ನಗೆಯ ಆ ಮನುಷ್ಯ ಪ್ರಮಾಣವಚನ ತೆಗೆದುಕೊಂಡು ಬಂಗಲೆ ಸೇರಿದ. ಬೀದಿಯಲ್ಲಿ ನಮ್ಮ ದೊಡ್ಡಮ್ಮನ ಮೇಲೆ ಬೆಂಕಿ ಬಿತ್ತು. ಉಂಡ ಮನೆಗೆ ಎರಡು ಬಗೆದವಳು ಎಂದರು. ಎಷ್ಟು ತಿಂದಳೋ ಎಂದರು. ದೊಡ್ಡಪ್ಪನ ಹತ್ತಿರ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಅರ್ಧಕ್ಕೇ ವಾಪಸು ಒಯ್ದವರೂ ಇದ್ದರು. ಒಯ್ದರೆ ಒಯ್ಯಲಿ, ಒಂದು ತೋಳಿನ ಅಂಗಿ ತೊಟ್ಟುಕೊಂಡು ತಿರುಗಲಿ ಎಂದು ನಾನು ಬಾಗಿಲಲ್ಲಿ ನಿಂತು ಕಿರುಚಿದೆ.

ಸೋತ ಪಕ್ಷದವರು ಆ ಮತ ಸಲ್ಲದು ಎಂದು ದೂರು ಕೊಟ್ಟರು. ಸಭಾಧ್ಯಕ್ಷರು ವಿಚಾರಣೆಗೆ ಕರೆದರು. ಬಾಗಿಲಿನವಳ ತಪ್ಪು ಎಂದಾದರೆ ಮತ್ತೆ ಮತಕ್ಕೆ ಹಾಕುವುದು, ಇಲ್ಲವಾದರೆ ಆದದ್ದು ಆಯಿತು. ಮೊಗಸಾಲೆಯಲ್ಲಿದ್ದ ಮಿಕ್ಕವರು ಅವರವರ ಕಡೆಯವರು, ನಾನೋ ಅವಳ ತಂಗಿಯ ಮಗಳು; ಎಲ್ಲ ದೊಡ್ಡಮ್ಮನ ಬಾಯಿಂದ ಬರುವ ಮಾತಿನ ಮೇಲೆ ನಿಂತಿತು.

ವಿಚಾರಣೆಗೆ ಮೊದಲು ಅಳಿಯ ಮನೆಗೇ ಬಂದ. ಬೂಟು ಬಿಚ್ಚದೆ ಒಳಗೆ ಬಂದು ದೊಡ್ಡಪ್ಪನ ಕುರ್ಚಿಯಲ್ಲಿ ಕೂತು ದನಿ ಜೇನಾಗಿಸಿದ. "ಕಾಣಿಸ್ಲಿಲ್ಲ ಅಂದ್ಬಿಡಿ ಅಮ್ಮ, ಸಾಕು. ವಯಸ್ಸಾಯ್ತು, ಕಣ್ಣು ಮಂಜು, ಗುಂಪಲ್ಲಿ ಗೊತ್ತಾಗ್ಲಿಲ್ಲ ಅನ್ನಿ. ಮಾವ ಮತ್ತೆ ಮುಖ್ಯಮಂತ್ರಿ ಆಗ್ತಾರೆ, ನಿಮ್ಮ ಬಾಗಿಲು ನಿಮಗೇ ಇರುತ್ತೆ."

"ನನ್ನ ಕಣ್ಣು ನೆಟ್ಟಗಿದೆಯಪ್ಪ. ನಿನ್ನ ಬೂಟಿನ ಮಣ್ಣು ನನ್ನ ಚಾಪೆ ಮೇಲೆ ಬಿದ್ದಿರೋದೂ ಕಾಣಿಸ್ತಿದೆ," ಎಂದಳು ದೊಡ್ಡಮ್ಮ.

ಮರುದಿನ ಹೊಸ ಮುಖ್ಯಮಂತ್ರಿಯ ಕಡೆಯವನೊಬ್ಬ ಬಂದ. ಅವನದು ಇನ್ನೊಂದು ರಾಗ. "ಗಂಟೆ ನಿಂತ ಮೇಲೆ ಬಂದ್ರು ಅನ್ನಿ. ಇಲ್ಲಾಂದ್ರೆ ಬಾಗಿಲಲ್ಲಿ ಬೇರೆಯವರು ನಿಲ್ತಾರೆ."

"ನಿನ್ನೆ ಬಂದವನೂ ಅದೇ ಕುರ್ಚೀಲೇ ಕೂತಿದ್ದ. ಅದರ ಬಿಸಿ ಇನ್ನೂ ಆರಿಲ್ಲ. ಎದ್ದೇಳು, ಎದ್ದೇಳು," ಎಂದು ಅವನನ್ನೂ ಅಟ್ಟಿದಳು.

ದೊಡ್ಡಪ್ಪ ಹೊಲಿಗೆ ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂತರು. "ಒಂದು ಮಾತು ಆ ಕಡೆಗೋ ಈ ಕಡೆಗೋ ಆಡಿದ್ರೆ ನಿನ್ನ ಗಂಟೇನು ಹೋಗುತ್ತೆ? ನಿನ್ನನ್ನ ಆ ಬಾಗಿಲಲ್ಲಿ ನಿಲ್ಲಿಸಿದ ಮನುಷ್ಯ ಕಣೇ ಅವರು. ಅವರಿಗೋಸ್ಕರಾನಾದ್ರೂ..."

"ಅವರಿಗೋಸ್ಕರ ಪ್ರಾಣ ಕೇಳಿ, ಕೊಡ್ತೀನಿ," ಎಂದಳು. "ನನಗೇನು ಭಯ ಆಗ್ತಿಲ್ವಾ? ಆದ್ರೆ ತೆಗೀಬೇಕು, ಹಾಕಬೇಕು ಅಂತ ಹೇಳಿದ್ದೂ ಅವರೇ. ಅವರು ಬಂದ್ರೆ ಹಾಕಬೇಡ ಅಂತ ಹೇಳಿರ್ಲಿಲ್ಲ."

ವಿಚಾರಣೆಯ ಕೋಣೆಗೆ ಚಹಾ ಒಯ್ದವಳು ನಾನೇ. ಬೇಕೆಂದೇ ಲೋಟಗಳನ್ನು ನಿಧಾನವಾಗಿ ಇಡುತ್ತ ನಿಂತೆ. ಉದ್ದ ಮೇಜಿನ ತುದಿಯಲ್ಲಿ ಸಭಾಧ್ಯಕ್ಷರು, ಎರಡೂ ಕಡೆ ಪಕ್ಷದವರು, ಗೋಡೆಯ ಪಕ್ಕ ಹಳೆಯ ಮುಖ್ಯಮಂತ್ರಿ. ಇನ್ನಷ್ಟು ಸಣಕಲಾಗಿದ್ದರು. ಪಕ್ಕದಲ್ಲಿ ಅಳಿಯ.

"ಗಂಟೆ ನಿಲ್ಲೋ ಮುಂಚೆ ಮುಖ್ಯಮಂತ್ರಿಗಳು ಬಾಗಿಲ ಹತ್ತಿರ ಬಂದಿದ್ರಾ?" ಎಂದು ಸಭಾಧ್ಯಕ್ಷರು ಕೇಳಿದರು.

"ಬಂದಿದ್ರು."

ಗೆದ್ದವರ ಸಾಲಿನಲ್ಲಿ ಮುಖಗಳು ಇಳಿದವು. ಅಳಿಯನ ಮುಖ ಅರಳಿತು.

"ನಿಮಗೆ ಕಾಣಿಸಲಿಲ್ವಾ?"

"ಕಾಣಿಸ್ತು. ಬಾಗಿಲು ತೆರೆದಿತ್ತು. ಕರೆದೆ. ಬರಲಿಲ್ಲ. ಗಂಟೆ ನಿಂತ್ಮೇಲೆ ಹಾಕಿದೆ."

ಈಗ ಅಳಿಯ ಎದ್ದು ಕೂಗಾಡಿದ. ಕರೆದದ್ದು ಸುಳ್ಳು, ಯಾರ ಕಿವಿಗೂ ಬೀಳಲಿಲ್ಲ, ಇವಳು ಮಾರಿಕೊಂಡವಳು ಎಂದ. ಚಹಾದ ತಟ್ಟೆಯನ್ನು ಅವನ ತಲೆಯ ಮೇಲೆ ಮಗುಚೋಣ ಅನ್ನಿಸಿತು ನನಗೆ. ಸಭಾಧ್ಯಕ್ಷರು ಅವನನ್ನು ಕೂರಿಸಿ, ಹಳೆಯ ಮುಖ್ಯಮಂತ್ರಿಯ ಕಡೆ ತಿರುಗಿದರು. "ಈಕೆ ಕರೆದದ್ದು ನಿಮಗೆ ಕೇಳಿಸ್ತಾ?"

ಇಲ್ಲ ಎಂದರೆ ಮತ್ತೆ ಮತ, ಮತ್ತೆ ಕುರ್ಚಿ. ಎಲ್ಲರಿಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ, ಅವರನ್ನೇ ನೋಡುತ್ತಿದ್ದಳು. ಅಳಿಯ ಮಾವನ ತೋಳು ಹಿಡಿದುಕೊಂಡ. ಅವರು ಅವನ ಕೈಯನ್ನು ಬಿಡಿಸಿದರು.

"ಕೇಳಿಸ್ತು," ಎಂದರು. "ಚೆನ್ನಾಗಿ ಕೇಳಿಸ್ತು. ಎರಡು ಕದದ ಅಭ್ಯಾಸ ಆಗ್ಬಿಟ್ಟಿತ್ತು ನನಗೆ."

ಮತ ಹಾಗೇ ಉಳಿಯಿತು. ಇನ್ನು ಮುಂದೆ ಎಡಗದವನ್ನು ಯಾರಿಗೂ ತೆರೆಯಕೂಡದು ಎಂದು ಸಭಾಧ್ಯಕ್ಷರು ಆದೇಶ ಮಾಡಿದರು. ಬಡಗಿ ಬಂದು ಅದನ್ನು ಸ್ಕ್ರೂ ಹಾಕಿ ಭದ್ರ ಮಾಡಿ ಹೋದ. ಆದರೆ ಪತ್ರಿಕೆಯವರು ಹೊಸ ಮುಖ್ಯಮಂತ್ರಿಗೆ 'ಕದದ ಮುಖ್ಯಮಂತ್ರಿ' ಎಂದು ಹೆಸರಿಟ್ಟುಬಿಟ್ಟರು. ಅವನಿಗೆ ಮೈಯೆಲ್ಲ ಉರಿಯಿತು. ವಾರ ಕಳೆಯುವುದರೊಳಗೆ ದೊಡ್ಡಮ್ಮನನ್ನು ಹೆಬ್ಬಾಗಿಲಿನಿಂದ ತೆಗೆದು ಮಹಡಿಯ ಗ್ಯಾಲರಿಗೆ ಹಾಕಿದರು. ಅವಳ ಮಂಡಿ ನೋವಿಗೆ ಕುರ್ಚಿಯ ಕೆಲಸವೇ ಹಿತವಂತೆ. ಸರ್ಕಾರಕ್ಕೆ ಒಬ್ಬ ಹೆಂಗಸಿನ ಮಂಡಿಯ ಮೇಲೆ ಅಷ್ಟು ಕರುಣೆ ಉಕ್ಕಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಆ ದಿನ ಅವಳು ನನ್ನ ಕೌಂಟರಿನ ಹಿಂದೆ ಕೂತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಬಿಲ್ಲೆಯನ್ನು ಸೆರಗಿನಲ್ಲಿ ಉಜ್ಜಿ, ಮಹಡಿ ಹತ್ತಿದಳು. ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಸಭಾಂಗಣದ ಹೆಬ್ಬಾಗಿಲಿಗೆ ನೇರ ಎದುರಾಗಿ, ಗ್ಯಾಲರಿಯ ಅಂಚಿನ ಕಟಾಂಜನ ಹಿಡಿದು ನಿಂತಳು. ದಿನವೂ ಅಲ್ಲೇ ನಿಲ್ಲುತ್ತಿದ್ದಳು.

ಹೊಸ ಮುಖ್ಯಮಂತ್ರಿ ಬಹುಮತ ಸಾಬೀತು ಮಾಡುವ ದಿನ ಬಂತು. ಗಂಟೆ ಬಡಿಯಿತು. ಎಲ್ಲರೂ ಒಳಗೆ ಹೋದ ಮೇಲೆ ಅವನು ಹಿಂಬಾಲಕರನ್ನು ಕಟ್ಟಿಕೊಂಡು, ಕ್ಯಾಮೆರಾಗಳಿಗೆ ನಗೆ ಹಂಚುತ್ತ, ಮೆಲ್ಲಗೆ ಬಂದ. ಬಾಗಿಲಿಗೆ ಬಂದವನು ನಿಂತ. ಹೊಟ್ಟೆ ಮುಂದೆ, ಕೈ ಹಿಂದೆ. ಹೊಸ ಬಾಗಿಲಿನವನು ಬೆವರುತ್ತ, ಆದೇಶವನ್ನೂ ಮರೆತು, ಬಗ್ಗಿ ಎಡಗದದ ಸರಳನ್ನು ಎಳೆದ. ಸ್ಕ್ರೂ ಹಾಕಿದ ಕದ ಹೇಗೆ ಬಂದೀತು? ಅವನು ಎಳೆಯುತ್ತಲೇ ಇದ್ದ, ಇವನು ನಿಂತೇ ಇದ್ದ, ಗಂಟೆ ಬಡಿಯುತ್ತಲೇ ಇತ್ತು. ನಾನು ಬಾಯಿ ಬಿಗಿದುಕೊಂಡು ಲೋಟ ಒರೆಸುತ್ತಿದ್ದೆ. ಸುಮ್ಮನಿದ್ದರೆ ಸಾಕಿತ್ತು, ನಮ್ಮ ಸೇಡು ತಾನಾಗಿಯೇ ತೀರುತ್ತಿತ್ತು.

ತೆರೆದ ಬಲಗದದ ಆಚೆಯಿಂದ, ಮೇಲಿನ ಗ್ಯಾಲರಿಯಿಂದ, ಆ ದನಿ ಬಂತು.

"ಸ್ವಾಮಿ, ಗಂಟೆ ನಿಲ್ಲುತ್ತೆ! ಒಂದರಲ್ಲೇ ಬನ್ನಿ!"

ಹೊಸ ಮುಖ್ಯಮಂತ್ರಿ ಬೆಚ್ಚಿಬಿದ್ದು, ನಗೆಯನ್ನೂ ಹಿಂಬಾಲಕರನ್ನೂ ಅಲ್ಲೇ ಬಿಟ್ಟು, ಅಡ್ಡಡ್ಡವಾಗಿ ಬಲಗದದೊಳಗೆ ತೂರಿಕೊಂಡ. ಕೋಟಿನ ಗುಂಡಿಯೊಂದು ಚೌಕಟ್ಟಿಗೆ ತಗುಲಿ ಹಾರಿ ನನ್ನ ಕೌಂಟರಿನ ಕೆಳಗೆ ಉರುಳಿತು. ಗಂಟೆ ನಿಂತು, ಬಾಗಿಲು ಬಿತ್ತು. ಮುಚ್ಚುವ ಮೊದಲು ನನಗೆ ಕಂಡದ್ದು ವಿರೋಧ ಪಕ್ಷದ ಬೆಂಚಿನಲ್ಲಿ ಕೂತಿದ್ದ ಸಣಕಲು ಮನುಷ್ಯ. ತಲೆ ಎತ್ತಿ ಗ್ಯಾಲರಿಯ ಕಡೆ ನೋಡುತ್ತ, ಎರಡೂ ಕೈ ಜೋಡಿಸಿದ್ದರು.

ಗ್ಯಾಲರಿಯಲ್ಲಿ ಯಾರೂ ಸದ್ದು ಮಾಡದ ಹಾಗೆ ನೋಡಿಕೊಳ್ಳುವುದು ದೊಡ್ಡಮ್ಮನ ಕೆಲಸ. ಸದ್ದು ಮಾಡಿದ್ದಕ್ಕೆ ಅವಳಿಂದ ಕಾರಣ ಕೇಳಿದರು. "ಬಾಗಿಲು ತೆರೆದಿತ್ತು, ಕರೆದೆ," ಎಂದಳಂತೆ.