ಪೂಜೆಗೆ ಮುಂಚಿನ ತುತ್ತು

ಎದುರುಮನೆ ಅಕ್ಕನ ಬಲಗೈ ಹೆಬ್ಬೆರಳು ಸರಿಯಾಗಿ ಮಡಚಿಕೊಳ್ಳುತ್ತಿರಲಿಲ್ಲ. ಅದರ ಬುಡದಲ್ಲಿ ನಾಯಿಯ ಹಲ್ಲು ಇಳಿದು ಎರಡು ಗುಳಿ ಬಿದ್ದಿದ್ದವು. ಹಣೆಗೆ ವಿಭೂತಿ ಎಳೆಯುವಾಗ ಅದೊಂದು ಬೆರಳು ಸೆಟೆದು ನಿಂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ಅವರೆಕಾಳು ಹಿದುಕುತ್ತ ಕೂತಿದ್ದಾಗ ಅವರ ತಮ್ಮನ ಫೋನು ಬಂತು. ಅಕ್ಕ ಹಾರನಹಳ್ಳಿಯ ತವರಿನಲ್ಲಿ ನಿದ್ದೆಯಲ್ಲೇ ಹೋದರಂತೆ. ನರಳಲಿಲ್ಲವಂತೆ. ಅಷ್ಟು ಕರುಣೆಯನ್ನಾದರೂ ಶಿವ ತೋರಿಸಿದ.

ನಮ್ಮ ಅರಸೀಕೆರೆಯಲ್ಲಿ ಅವರ ಗಂಡನದು ಕೊಬ್ಬರಿ ವ್ಯಾಪಾರದವರ ಮನೆ. ತಮ್ಮ ತಂದುಕೊಟ್ಟ ಅಂಗೈಯಗಲದ ಬಿಳಿ ನಾಯಿಮರಿಯನ್ನು ಅಕ್ಕ ಸಾಕಿಕೊಂಡಿದ್ದರು. ಬೆಳೆದ ಮೇಲೂ ಅದು ಬೆಕ್ಕಿಗಿಂತ ದೊಡ್ಡದಾಗಲಿಲ್ಲ. "ಈ ಮನೇಲಿ ನನ್ನ ಮಾತಿಗೆ ಕಿವಿ ನಿಮಿರ್ಸೋದು ಇದೊಂದೇ ಕಣೇ," ಎನ್ನುತ್ತಿದ್ದರು.

ಅದಕ್ಕೆ ಮೂರ್ಛೆ ಬರುತ್ತಿತ್ತು. ಮೊದಲ ಸಲ ಬಂದಾಗ ಅವರತ್ತೆ, ಮನುಷ್ಯರಿಗೆ ಮಾಡುವ ಹಾಗೇ, ಬೀಗದ ಕೈ ಗೊಂಚಲನ್ನು ಅದರ ಮುಂಗಾಲಿಗೆ ಒತ್ತಿ ಹಿಡಿದರು. ನಾಲಿಗೆ ಕಚ್ಚಿಕೊಂಡೀತೆಂದು ಅಕ್ಕ ಬಾಯಿಗೆ ಬೆರಳು ಹಾಕಿದರು. ಆ ಗುಳಿ ಆಗ ಆದದ್ದು.

ಪಶು ಆಸ್ಪತ್ರೆಯ ಡಾಕ್ಟರು ಇಬ್ಬರಿಗೂ ಬೈದರು. "ಒದ್ದಾಡುವಾಗ ಬಾಯಿಗೆ ಬೆರಳೂ ಇಕ್ಕಬೇಡಿ, ನೀರೂ ಹುಯ್ಯಬೇಡಿ. ಸುತ್ತ ಇರೋ ಸಾಮಾನು ಸರ್ಸಿ. ಒದ್ದಾಟ ನಿಂತ ಮೇಲೆ ಒಸಡಿಗೆ ಜೇನು ಸವರಿ, ತಕ್ಷಣ ಇಲ್ಲಿಗೆ ಎತ್ಕೊಂಡ್ ಬನ್ನಿ." ರಕ್ತ ಪರೀಕ್ಷೆ ಮಾಡಿ ನೋಡಿ, ಹೊಟ್ಟೆ ಖಾಲಿಯಿದ್ದರೆ ಇದಕ್ಕೆ ಮೈಯೊಳಗಿನ ಸಕ್ಕರೆ ಇಳಿದುಹೋಗುತ್ತದೆ, ಎದ್ದ ಕೂಡಲೇ ಒಂದು ತುತ್ತು ಹಾಕಿ, ಆಮೇಲೂ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುತ್ತಿರಿ ಎಂದರು.

ಆ ಮನೆಯಲ್ಲಿ ಲಿಂಗಪೂಜೆ ಮುಗಿಯುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಅವರತ್ತೆಯ ಪೂಜೆಯೋ ಬಿಸಿಲೇರುವವರೆಗೆ. ಅಕ್ಕ ಬೆಳಕು ಹರಿಯುತ್ತಲೇ ನಾಯಿಗೆ ಅನ್ನ ಕಿವುಚಿ ತಿನ್ನಿಸತೊಡಗಿದರು.

"ಶಿವನಿಗಿಂತ ಮುಂಚೆ ನಾಯಿಗೆ ನೈವೇದ್ಯ ಆಯ್ತಾ?" ಎಂದರು ಅತ್ತೆ.

"ಹೂಂ ಅತ್ತೆ. ಶಿವನಿಗೆ ಮೂರ್ಛೆ ಬರಾಕಿಲ್ಲ."

ಹೂ ಕೊಡಲು ಹೋಗಿದ್ದ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಹೊತ್ತು ತಪ್ಪಿಸದೆ ಹಾಕಿದಷ್ಟು ಕಾಲ ನಾಯಿ ಚೆನ್ನಾಗಿಯೇ ಇತ್ತು. ಒಂದು ಶಿವರಾತ್ರಿಯ ಹಿಂದಿನ ದಿನ ಅಕ್ಕನ ತಾಯಿ ಜಾರಿ ಬಿದ್ದರೆಂದು ಸುದ್ದಿ ಬಂತು. ನಾನು ಹಬ್ಬಕ್ಕೆ ಹಳೇಬೀಡಿನ ತವರಿಗೆ ಹೋಗಿದ್ದೆ. ಅಕ್ಕ ಅತ್ತೆಗೂ ಗಂಡನಿಗೂ ನಾಯಿಯ ಊಟದ ಹೊತ್ತು ಹೇಳಿ ಹಾರನಹಳ್ಳಿಗೆ ಹೊರಟರು.

ಹಬ್ಬದ ಮರುದಿನ ನಾನು ಬಸ್ಸಿಳಿದು ಬಂದಾಗ ಎದುರುಮನೆಯ ನಾಯಿ ಬೊಗಳಲಿಲ್ಲ. ಏನಾಯಿತೆಂದು ಒಳಗೆ ಹೋದೆ. ಅಕ್ಕ ಆಗಷ್ಟೇ ಊರಿಂದ ಬಂದು ಬ್ಯಾಗು ಹಿಡಿದೇ ನಡುಮನೆಯಲ್ಲಿ ನಿಂತಿದ್ದರು. ನಾಯಿಯನ್ನು ಹಿತ್ತಲಲ್ಲಿ ಹೂತಾಗಿತ್ತು.

ಅತ್ತೆ ಸೊಸೆಯ ಮುಖ ನೋಡದೆ ನನಗೆ ಹೇಳಿದರು, "ಮನೆಮಂದಿಯೆಲ್ಲ ಉಪಾಸ ಇರುವಾಗ ಅದೊಂದು ಯಾಕೆ ಉಣ್ಬೇಕು ಅಂತ ಬಿಟ್ಟೆ ಕಣವ್ವ. ಅದಕ್ಕೂ ಒಂದಿಷ್ಟು ಪುಣ್ಯ ಬರ್ಲಿ ಅಂತ. ಶಿವರಾತ್ರಿ ದಿನ ಶಿವನ ಪಾದ ಸೇರ್ತು. ಅಂಥ ಸಾವು ಮನುಷ್ಯರಿಗೂ ಸಿಗಾಕಿಲ್ಲ."

"ಯಾವಾಗ ಶುರುವಾಯ್ತು ಅತ್ತೆ?" ಎಂದರು ಅಕ್ಕ. ದನಿ ಏರಲಿಲ್ಲ.

"ಸಂಜೆ. ಅಭಿಷೇಕಕ್ಕೆ ಕೂತಿದ್ವಿ. ಮಧ್ಯ ಏಳಾಕಾಯ್ತದಾ?"

"ಹಾಲು, ಮೊಸರು, ತುಪ್ಪ ಆಗಿತ್ತಾ?"

"ಆಗಿತ್ತು."

"ಹಂಗಾದ್ರೆ ಜೇನಿನ ಬಟ್ಲು ಕೈಲೇ ಇತ್ತು."

ಅವರ ಗಂಡ ಫೋನಿನಿಂದ ತಲೆ ಎತ್ತಲಿಲ್ಲ.

ಅಂದಿನಿಂದ ಅಕ್ಕ ಪೂಜೆಗೆ ಮುಂಚೆಯೇ, ಎಲ್ಲರಿಗೂ ಕಾಣುವಂತೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಉಣ್ಣುತ್ತಿದ್ದರು. ವಿಭೂತಿ ಬಿಡಲಿಲ್ಲ, ಕೊರಳಿನ ಲಿಂಗ ಬಿಡಲಿಲ್ಲ. ಉಪವಾಸ ಬಿಟ್ಟರು. ನಾಯಿಗೋಸ್ಕರ ನೇಮ ಕೆಡಿಸಿಕೊಂಡವಳು ಎಂದು ಕೇರಿಯವರು ಆಡಿಕೊಂಡರು. ಆಮೇಲೆ ತಾಯಿಯನ್ನು ನೋಡಿಕೊಳ್ಳಲು ತವರಿಗೆ ಹೋದವರು ಅಲ್ಲೇ ಉಳಿದರು. ಕರೆತರಲು ಗಂಡನ ಮನೆಯಿಂದ ಯಾರೂ ಹೋಗಲಿಲ್ಲ.

ನಾನು ಸೋಮವಾರದ ಉಪವಾಸ ಬಿಟ್ಟವಳಲ್ಲ. ಆದರೆ ಕಳೆದ ಶ್ರಾವಣದಲ್ಲಿ ನಮ್ಮ ಯಜಮಾನರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೆ ನನ್ನ ಪೂಜೆ ಮುಗಿಯಲೆಂದು ಕಾದು ಕೂತಿದ್ದವರು, ಸಕ್ಕರೆ ಇಳಿದು ಇದ್ದಕ್ಕಿದ್ದಂತೆ ಬೆವೆತು ತೊದಲತೊಡಗಿದರು. ಮಂಗಳಾರತಿ ತಟ್ಟೆಯನ್ನು ಅಲ್ಲೇ ಕೆಳಗಿಟ್ಟು ಸಕ್ಕರೆ ಡಬ್ಬಿಗೆ ಓಡಿದೆ. ಅವರು ಉಳಿದರು. ಪೂಜೆಯ ಮಧ್ಯೆ ಏಳಬಹುದೆಂದು ನನಗೆ ಗೊತ್ತಾದದ್ದು ಅಕ್ಕನಿಂದ. ನಾಯಿಯಿಂದ ಎನ್ನಲೂ ನನಗೆ ನಾಚಿಕೆಯಿಲ್ಲ.

ಆ ಸೋಮವಾರ ಅಕ್ಕನ ತಮ್ಮನ ಫೋನು ಇಟ್ಟಾಗ ಎದುರುಮನೆಯಲ್ಲಿ ಪೂಜೆಯ ಗಂಟೆ ಬಾರಿಸುತ್ತಿದ್ದರು. ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತಂತೆ. ಗಂಟೆ ನಿಲ್ಲುವುದೇನೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟೆ. ನಿಲ್ಲಲಿಲ್ಲ. ಒಳಗೆ ಯಜಮಾನರು ಎದ್ದ ಸದ್ದಾಯಿತು. ಕೈ ತೊಳೆದುಕೊಂಡು, ದೇವರ ದೀಪ ಇನ್ನೂ ಹಚ್ಚದೆ, ಅವರಿಗೆ ರೊಟ್ಟಿ ತಟ್ಟಲು ಹಿಟ್ಟು ಕಲಸಿದೆ.